ಸಾಕು ಎನ್ನುವುದೂ ಒಂದು ಉತ್ತರ

ಕಳೆದ ಎರಡು ತಿಂಗಳಿಂದ ಗೆಳತಿಯರು ನನ್ನನ್ನು ಕೇಳುತ್ತಿರುವುದು ಎರಡೇ ಪ್ರಶ್ನೆ. ‘ಆ ಹೆಡ್‌ಸೆಟ್ ಒಳಗೆ ಏನು ಕಾಣಿಸ್ತು?’ ಎಂಬುದು ಒಂದು. ‘ಎಷ್ಟು ದುಡ್ಡು ಕೊಟ್ರು?’ ಎಂಬುದು ಇನ್ನೊಂದು. ಒಳಗೆ ಒಂದು ಬೀದಿ ಕಾಣಿಸಿತು. ಹೋಗಿಬರುವ ಖರ್ಚು ಕೊಟ್ಟರು, ಜೊತೆಗೆ ಬಿಸ್ಕತ್ತು, ಮಾವಿನ ಜ್ಯೂಸ್ ಕೊಟ್ಟರು. ಇಷ್ಟಕ್ಕೆ ವಿಷಯ ಮುಗಿಯುವುದಿಲ್ಲ. ನಮ್ಮ ಕಾಲೇಜಿನಿಂದ ಇನ್ನೂ ಕೆಲವರು ಇಂಥ ಅಧ್ಯಯನಗಳಿಗೆ ಹೋಗುವ ಯೋಚನೆಯಲ್ಲಿದ್ದಾರೆ. ಅದಕ್ಕಾಗಿ ಈ ಬರಹ.

ದಸರಾ ರಜೆಗೆ ಮುಂಚೆ ನಮ್ಮ ಜೀವಶಾಸ್ತ್ರದ ಮೇಡಂ ತರಗತಿಯಲ್ಲಿ ಒಂದು ಪ್ರಕಟಣೆ ಓದಿದರು. ನಗರದ ಒಂದು ಸಂಸ್ಥೆಯಲ್ಲಿ ವರ್ಚುವಲ್ ರಿಯಾಲಿಟಿ ಬಗ್ಗೆ ಅಧ್ಯಯನ ನಡೆಯುತ್ತಿದೆ, 16 ವರ್ಷ ದಾಟಿದ ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಬರಬಹುದು ಎಂದು ಅದರಲ್ಲಿತ್ತು. ಗಮನ, ನೆನಪು, ಬೇಗ ನಿರ್ಧಾರ ಮಾಡುವ ಶಕ್ತಿ, ಇವುಗಳನ್ನು ಮಾಮೂಲಿ ಕಂಪ್ಯೂಟರ್ ಪರದೆಯ ಮೇಲೆ ಅಳೆದರೂ ಹೆಡ್‌ಸೆಟ್ ಒಳಗೆ ಅಳೆದರೂ ಒಂದೇ ಉತ್ತರ ಬರುತ್ತದೆಯೇ ಎಂಬುದು ಅವರ ಪ್ರಶ್ನೆ. ಸಂಸ್ಥೆಯ ಹೆಸರನ್ನು ನಾನು ಬರೆಯುವುದಿಲ್ಲ. ಅಧ್ಯಯನ ಇನ್ನೂ ನಡೆಯುತ್ತಿದೆ. ಮುಂದೆ ಹೋಗುವವರು ಮೊದಲೇ ಎಲ್ಲ ತಿಳಿದುಕೊಂಡು ಹೋದರೆ ಅವರ ಉತ್ತರ ಕೆಡುತ್ತದೆ. ಆದ್ದರಿಂದ ಪುಸ್ತಕಗಳಲ್ಲಿ ಎಲ್ಲರಿಗೂ ಸಿಗುವ ಪರೀಕ್ಷೆಗಳ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ.

ತರಗತಿಯಲ್ಲಿ ಕೈ ಎತ್ತಿದವರು ಒಂಬತ್ತು ಮಂದಿ. ಹೆಚ್ಚಿನವರಿಗೆ ಹೆಡ್‌ಸೆಟ್ ನೋಡುವ ಆಸೆ. ನನಗೂ ಆ ಆಸೆ ಇತ್ತು, ಆದರೆ ನಾನು ಕೈ ಎತ್ತಿದ್ದಕ್ಕೆ ಬೇರೆ ಕಾರಣ ಮನೆಯಲ್ಲಿತ್ತು. ಅದು ನಮ್ಮ ದಾದಿ.

ದಾದಿಗೆ 71 ವರ್ಷ. ಬೈಯಪ್ಪನಹಳ್ಳಿಯಲ್ಲಿ ರೈಲು ಹಳಿಯ ಆಚೆ ಖಾಲಿ ಜಾಗ ಇದ್ದ ಕಾಲದಿಂದಲೂ ಅವರು ಇಲ್ಲಿಯವರೇ. ದಾದಾ ಎನ್‌ಜಿಇಎಫ್ ಕಾರ್ಖಾನೆಗೆ ಹೋಗುತ್ತಿದ್ದರು, ದಾದಿ ಮನೆಯಲ್ಲೇ ಅಗರಬತ್ತಿ ಹೊಸೆಯುತ್ತಿದ್ದರು. ಶಾಲೆಯ ಮುಖ ನೋಡಿದವರಲ್ಲ. ಆದರೆ ಸಾವಿರ ಕಡ್ಡಿಗೆ ಇಷ್ಟು ಎಂದು ವಾರದ ಲೆಕ್ಕವನ್ನು ಬಾಯಲ್ಲೇ ಹೇಳಿ, ಏಜೆಂಟನ ಚೀಟಿಯಲ್ಲಿ ತಪ್ಪಿದ್ದರೆ ಹಿಡಿಯುತ್ತಿದ್ದರು. ಎರಡು ವರ್ಷದಿಂದ ಅವರಿಗೆ ಮರೆವು ಶುರುವಾಯಿತು. ಗ್ಯಾಸ್ ಮೇಲೆ ಹಾಲಿಟ್ಟು ಮರೆಯುವುದು, ಹೇಳಿದ ಮಾತನ್ನೇ ಮತ್ತೆ ಹೇಳುವುದು.

ಅಬ್ಬಾ ಅವರನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಅಲ್ಲಿ ಒಬ್ಬರು ಕಾಗದ ಹಿಡಿದು ಬೇಗ ಬೇಗ ಪ್ರಶ್ನೆ ಕೇಳಿದರು. ಇವತ್ತು ತಾರೀಖು ಎಷ್ಟು? ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಈ ಸಾಲನ್ನು ಓದಿ, ಅದರಲ್ಲಿ ಹೇಳಿದಂತೆ ಮಾಡಿ. ಒಂದು ವಾಕ್ಯ ಬರೆಯಿರಿ. ಈ ಚಿತ್ರ ನೋಡಿ ಹಾಗೇ ಬರೆಯಿರಿ. ದಾದಿ ಪೆನ್ನು ಹಿಡಿದು ಕೂತರು, ಬರೆಯಲಿಲ್ಲ. ತಾರೀಖು ಕೇಳಿದ್ದಕ್ಕೆ ರಬಿ ಉಲ್ ಅವ್ವಲ್ ತಿಂಗಳ ದಿನ ಹೇಳಿದರು. ಅದು ಸರಿಯಾಗಿಯೇ ಇತ್ತು, ಆದರೆ ಅಂಕ ಸಿಗಲಿಲ್ಲ. 30ಕ್ಕೆ 14 ಎಂದು ಬರೆದು, ಮರೆವಿನ ಕಾಯಿಲೆ ತುಂಬಾ ಮುಂದುವರಿದಿದೆ ಎಂದರು. ಮನೆಗೆ ಬಂದ ಮೇಲೆ ದಾದಿ ಮೂರು ದಿನ ಹೆಚ್ಚು ಮಾತಾಡಲಿಲ್ಲ. ನಾಲ್ಕನೇ ದಿನ ಅಮ್ಮಿಯನ್ನು ಕೇಳಿದರು: ‘ನಾನು ಫೇಲಾದೆನಾ?’

ಆಮೇಲೆ ಬೇರೆ ವೈದ್ಯರೊಬ್ಬರು ದಾದಿಯ ಜೊತೆ ದಖ್ಖನಿಯಲ್ಲೇ ಮಾತಾಡಿದರು. ಕಿವಿ ಪರೀಕ್ಷೆ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಬಲಗಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಬಿ12 ವಿಟಮಿನ್ ಕಡಿಮೆ ಇತ್ತು. ಮರೆವು ಇರುವುದು ನಿಜ, ಆದರೆ ಮೊದಲು ಹೇಳಿದಷ್ಟಿಲ್ಲ ಎಂದರು. ಬಿರಿಯಾನಿಗೆ ಯಾವುದಾದ ಮೇಲೆ ಯಾವುದು ಹಾಕಬೇಕು ಎಂದು ಕೇಳಿದಾಗ ದಾದಿ ಒಂದೂ ತಪ್ಪದೆ ಹೇಳಿದ್ದರು. ನಮ್ಮ ಮೆಟ್ರೊದಲ್ಲಿ ಎಂ.ಜಿ. ರಸ್ತೆಗೆ ಹೋಗುವಾಗ ಬರುವ ನಿಲ್ದಾಣಗಳನ್ನು ಕೇಳಿದಾಗ ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ, ಹಲಸೂರು, ಟ್ರಿನಿಟಿ ಎಂದು ಸಾಲಾಗಿ ಹೇಳಿದ್ದರು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಆ ರೈಲು ಶುರುವಾದ ವಾರವೇ ದಾದಾ ಜೊತೆ ಹೋಗಿಬಂದವರು ಅವರು.

ಈ ಘಟನೆಯಾದ ಮೇಲೆ ನಾನು ಮೇಡಂ ಹತ್ತಿರ ಕೇಳಿ ಕೆಲವು ವಿಷಯ ಓದಿಕೊಂಡೆ. ದಾದಿಗೆ ಮೊದಲು ಕೇಳಿದ್ದು ಎಂಎಂಎಸ್‌ಇ ಎಂಬ 30 ಅಂಕದ ಪರೀಕ್ಷೆ. 1975ರಲ್ಲಿ ಅಮೆರಿಕದಲ್ಲಿ ತಯಾರಾದದ್ದು. ಓದುಬರಹ ಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಶಾಲೆಗೆ ಹೋಗದವರಿಗೆ ಅದರಲ್ಲಿ ಅಂಕ ಕಡಿಮೆ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದಕ್ಕೇ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದುಬರಹ ಬಾರದ ವೃದ್ಧರ ಜೊತೆ ಕೂತು ಹಿಂದಿಯಲ್ಲಿ ಬೇರೆ ಪರೀಕ್ಷೆ ತಯಾರಿಸಿದರು. ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಈ ಐದು ಭಾಷೆಗಳಲ್ಲಿ ಒಂದು ಪರೀಕ್ಷಾ ಸಂಗ್ರಹ ಮಾಡಿಸಿತು. ಇಂಥ ಪರೀಕ್ಷೆ ತಯಾರಿಸುವಾಗ ಮೊದಲು ಆರೋಗ್ಯವಾಗಿರುವ ತುಂಬಾ ಜನರನ್ನು ಕೂರಿಸಿ ಅವರ ಉತ್ತರ ಪಡೆಯುತ್ತಾರೆ. ‘ಇಷ್ಟು ಬಂದರೆ ಮಾಮೂಲು’ ಎಂಬ ಗೆರೆ ಎಳೆಯುವುದು ಆ ಉತ್ತರಗಳಿಂದ. ಅಲ್ಲಿ ಬಂದು ಕೂತವರು ಯಾರೋ, ಗೆರೆ ಅವರ ಅಳತೆಗೆ ಬೀಳುತ್ತದೆ. ದಾದಿಯಂಥವರು, ನನ್ನಂಥವರು ಯಾರೂ ಹೋಗದಿದ್ದರೆ ಆ ಗೆರೆಯಲ್ಲಿ ನಮ್ಮ ಲೆಕ್ಕ ಇರುವುದಿಲ್ಲ. ನಾನು ಕೈ ಎತ್ತಿದ್ದು ಇದಕ್ಕೆ.

ಕೈ ಎತ್ತಿದ ಮಾತ್ರಕ್ಕೆ ಹೋಗಲು ಆಗುವುದಿಲ್ಲ. ನನಗಿನ್ನೂ 17. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ 18 ತುಂಬದವರ ಪರವಾಗಿ ತಂದೆ ಅಥವಾ ತಾಯಿ ಒಪ್ಪಿಗೆ ಕೊಡಬೇಕು. ಅಷ್ಟೇ ಸಾಲದು, ನಮ್ಮ ವಯಸ್ಸಿನವರ ಸಮ್ಮತಿಯನ್ನೂ ಬರಹದಲ್ಲಿ ಪಡೆಯಬೇಕು. ಅಪ್ಪ ಒಪ್ಪಿ ಮಗಳು ಒಪ್ಪದಿದ್ದರೂ ಇಲ್ಲ, ಮಗಳು ಒಪ್ಪಿ ಅಪ್ಪ ಒಪ್ಪದಿದ್ದರೂ ಇಲ್ಲ. ಪತ್ರ ನಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನನಗೆ ಕೊಟ್ಟದ್ದು ಆರು ಪುಟದ ಕನ್ನಡ ಪತ್ರ.

ಅಬ್ಬಾ ಹಳೇ ಮದ್ರಾಸ್ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಇಶಾ ನಮಾಜ್ ಮುಗಿಸಿ ಬಂದು, ಊಟವಾದ ಮೇಲೆ, ಆರು ಪುಟವನ್ನೂ ನನ್ನ ಕೈಯಲ್ಲಿ ಜೋರಾಗಿ ಓದಿಸಿದರು. ಪ್ರತಿ ಪುಟಕ್ಕೂ ನಿಲ್ಲಿಸಿ ಪ್ರಶ್ನೆ ಕೇಳಿದರು. ಸೂಜಿ ಚುಚ್ಚುತ್ತಾರಾ? ಮಾತ್ರೆ ಕೊಡುತ್ತಾರಾ? ಫೋಟೊ, ವಿಡಿಯೊ ತೆಗೆಯುತ್ತಾರಾ? ಹೆಡ್‌ಸೆಟ್ ಹಾಕುವವರು ಗಂಡಸರಾ ಹೆಂಗಸರಾ? ನಿನ್ನ ಹೆಸರು ಎಲ್ಲಿ ಬರೆದಿಡುತ್ತಾರೆ? ನಡುವೆ ಬೇಡ ಅನಿಸಿದರೆ ಏನು ಮಾಡಬೇಕು? ಕೊನೆಗೆ, ‘ಇದರಿಂದ ನಿನಗೇನು ಲಾಭ, ಬೇಟಾ?’

ನಾನು ಆ ಸಾಲನ್ನು ಹುಡುಕಿ ಓದಿದೆ. ಈ ಅಧ್ಯಯನದಿಂದ ಭಾಗವಹಿಸುವವರಿಗೆ ನೇರವಾದ ಲಾಭ ಇಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಅಬ್ಬಾ ನಕ್ಕರು. ‘ಲಾಭ ಇಲ್ಲ ಅಂತ ಅವರೇ ಬರೆದುಕೊಟ್ಟ ಕಾಗದ ನಾನು ಇದೇ ಮೊದಲು ನೋಡ್ತಿರೋದು,’ ಎಂದರು. ಆದರೆ ಸಹಿ ಹಾಕಲಿಲ್ಲ. ಮರುದಿನ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿ, ಅದೇ ಪ್ರಶ್ನೆಗಳನ್ನು ಅವರಿಗೂ ಕೇಳಿದರು. ಎರಡು ಕಡೆಯ ಉತ್ತರ ಹೊಂದಿದ ಮೇಲೆ ಸಹಿ ಹಾಕಿದರು.

ಅಷ್ಟು ಎಚ್ಚರಿಕೆ ಬೇಕಾ ಎಂದು ಒಬ್ಬ ಗೆಳತಿ ಕೇಳಿದಳು. ಬೇಕು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ನಮಗಿಂತ ಚಿಕ್ಕ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕುವ ಯೋಜನೆಯ ಅಧ್ಯಯನ ನಡೆಯಿತು. ಖಮ್ಮಂನಲ್ಲಿ ಹಾಸ್ಟೆಲಿನಲ್ಲಿದ್ದ ಅನೇಕ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಸರ್ಕಾರ ಆ ಅಧ್ಯಯನವನ್ನು ನಿಲ್ಲಿಸಿತು, 2013ರಲ್ಲಿ ಸಂಸತ್ತಿನ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಆ ಲಸಿಕೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಒಳ್ಳೆಯ ಲಸಿಕೆಯೇ. ನಾನು ಹೇಳುತ್ತಿರುವುದು ಸಹಿಯ ವಿಷಯ. ಒಳ್ಳೆಯ ವಸ್ತುವಾದರೂ ಕೇಳದೆ ಕೊಡಬಾರದು. ನಮ್ಮ ಕಾಲೇಜಿನಲ್ಲಿ ಮೇಡಂ ಪ್ರಕಟಣೆ ಓದಿದರೇ ಹೊರತು ಯಾರ ಪರವಾಗಿಯೂ ಸಹಿ ಹಾಕಲಿಲ್ಲ. ಹೋಗದವರಿಗೆ ಆಂತರಿಕ ಅಂಕ ಕಡಿಮೆಯಾಗುವುದಿಲ್ಲ, ಹೋದವರಿಗೆ ಜಾಸ್ತಿಯಾಗುವುದಿಲ್ಲ ಎಂದೂ ಮೊದಲೇ ಹೇಳಿದರು.

ಹೋದ ದಿನ ಅಮ್ಮಿ ನನ್ನ ಜೊತೆ ಬಂದರು. ನಮ್ಮನ್ನು ಒಳಗೆ ಕರೆದುಕೊಂಡ ಸಂಶೋಧನಾ ವಿದ್ಯಾರ್ಥಿನಿಯನ್ನು ನಾನು ಅಕ್ಕ ಎಂದೇ ಕರೆದೆ. ಅವರು ಮೊದಲು ಪತ್ರವನ್ನು ಇನ್ನೊಮ್ಮೆ ನನ್ನ ಮುಂದೆ ಓದಿ, ‘ನಿಮಗೆ ಅರ್ಥ ಆಗಿದ್ದನ್ನ ನಿಮ್ಮ ಮಾತಲ್ಲಿ ಹೇಳಿ’ ಎಂದರು. ಹೇಳಿದೆ. ನನ್ನ ಹೆಸರಿನ ಬದಲು ಒಂದು ಸಂಖ್ಯೆ ಕೊಟ್ಟರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಹೊಸದು: ‘ನೀವು ಯಾವ ಭಾಷೆಯಲ್ಲಿ ಬೇಗ ಓದ್ತೀರಿ? ಮನಸ್ಸಲ್ಲಿ ಎಣಿಸೋದು ಯಾವ ಭಾಷೆಯಲ್ಲಿ?’

ನಮ್ಮಲ್ಲಿ ಎಷ್ಟೋ ಜನರಿಗೆ ಇದಕ್ಕೆ ಒಂದೇ ಉತ್ತರ ಇಲ್ಲ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ ಮತ್ತು ತಮಿಳು, ಮದರಸಾದಲ್ಲಿ ಅರಬ್ಬಿ ಅಕ್ಷರ, ಕಾಲೇಜಿನಲ್ಲಿ ಇಂಗ್ಲಿಷ್ ಪಠ್ಯ. ನಾನು ಏಳನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಓದುವುದು ಕನ್ನಡದಲ್ಲಿ ಬೇಗ, ಎಣಿಸುವುದು ದಖ್ಖನಿಯಲ್ಲಿ ಎಂದೆ. ಅವರು ಅದನ್ನು ಹಾಗೆಯೇ ಬರೆದುಕೊಂಡರು. ಇದು ಯಾಕೆ ಮುಖ್ಯ ಎಂಬುದು ಮೊದಲ ಪರೀಕ್ಷೆಯಲ್ಲೇ ಗೊತ್ತಾಯಿತು. ‘ಕೆಂಪು’ ಎಂಬ ಪದವನ್ನು ನೀಲಿ ಬಣ್ಣದಲ್ಲಿ ಬರೆದು ತೋರಿಸುತ್ತಾರೆ. ಪದ ಓದಬಾರದು, ಬಣ್ಣ ಹೇಳಬೇಕು. ಬಾಯಿಗೆ ಮೊದಲು ಬರುವುದು ಪದವೇ. ಅದನ್ನು ತಡೆದು ಬಣ್ಣ ಹೇಳಲು ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ. 1935ರಲ್ಲಿ ಸ್ಟ್ರೂಪ್ ಎಂಬುವರು ಪ್ರಕಟಿಸಿದ ಪರೀಕ್ಷೆ ಇದು. ಚೆನ್ನಾಗಿ ಓದಲು ಬರುವ ಭಾಷೆಯಲ್ಲಿ ಈ ತಡವರಿಕೆ ಹೆಚ್ಚು. ಭಾಷೆ ಕೇಳದೆ ಅಳೆದರೆ ಅಳತೆಯೇ ತಪ್ಪುತ್ತದೆ.

ಇನ್ನೊಂದು ಪರೀಕ್ಷೆಯಲ್ಲಿ ಅಕ್ಷರಗಳು ಒಂದೊಂದಾಗಿ ಬಂದುಹೋಗುತ್ತವೆ. ಈಗ ಬಂದ ಅಕ್ಷರ ಎರಡು ಅಕ್ಷರದ ಹಿಂದೆ ಬಂದದ್ದೇ ಆಗಿದ್ದರೆ ಗುಂಡಿ ಒತ್ತಬೇಕು. ಕೇಳಲು ಸುಲಭ, ಮಾಡಲು ಕೂತರೆ ತಲೆ ಬಿಸಿ. ಮತ್ತೊಂದರಲ್ಲಿ ಒಂಬತ್ತು ಚೌಕಗಳಲ್ಲಿ ಕೆಲವು ಒಂದಾದ ಮೇಲೊಂದು ಮಿನುಗುತ್ತವೆ. ಅದೇ ಕ್ರಮದಲ್ಲಿ ನಾವು ಮುಟ್ಟಬೇಕು. ಉತ್ತರ ಸರಿಯೋ ತಪ್ಪೋ ಎಂಬುದರ ಜೊತೆ ಎಷ್ಟು ಮಿಲಿಸೆಕೆಂಡಿನಲ್ಲಿ ಉತ್ತರಿಸಿದೆ ಎಂಬುದೂ ದಾಖಲಾಗುತ್ತದೆ.

ಇದೆಲ್ಲವನ್ನೂ ಎರಡು ಸಲ ಮಾಡಬೇಕು. ಒಮ್ಮೆ ಲ್ಯಾಪ್‌ಟಾಪಿನಲ್ಲಿ, ಒಮ್ಮೆ ಹೆಡ್‌ಸೆಟ್ಟಿನಲ್ಲಿ. ಯಾವುದು ಮೊದಲು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಎರಡನೇ ಸಲ ಮಾಡುವಾಗ ಯಾರಿಗಾದರೂ ಅಭ್ಯಾಸ ಬಂದಿರುತ್ತದೆ, ಜೊತೆಗೆ ದಣಿವೂ ಆಗಿರುತ್ತದೆ. ಎಲ್ಲರೂ ಹೆಡ್‌ಸೆಟ್ಟನ್ನೇ ಎರಡನೆಯದಾಗಿ ಮಾಡಿದರೆ, ಬಂದ ವ್ಯತ್ಯಾಸ ಹೆಡ್‌ಸೆಟ್ಟಿನದೋ ಅಭ್ಯಾಸದ್ದೋ ತಿಳಿಯುವುದಿಲ್ಲ. ಅರ್ಧ ಜನರಿಗೆ ಅದು ಮೊದಲು, ಅರ್ಧ ಜನರಿಗೆ ಇದು ಮೊದಲು ಮಾಡಿದರೆ ಆ ಗೊಂದಲ ಇರುವುದಿಲ್ಲ. ನನಗೆ ಲ್ಯಾಪ್‌ಟಾಪ್ ಮೊದಲು ಬಂತು.

ಹೆಡ್‌ಸೆಟ್ ಹಾಕುವ ಮುನ್ನ ಅಕ್ಕ, ‘ಪಟ್ಟಿ ಸ್ಕಾರ್ಫ್ ಮೇಲೇ ಕೂರುತ್ತೆ, ತೆಗೆಯೋದು ಬೇಡ’ ಎಂದು ತಾವಾಗಿಯೇ ಹೇಳಿದರು. ಅಮ್ಮಿಯ ಮುಖ ಸಡಿಲವಾಯಿತು. ಹಣೆಯ ಹತ್ತಿರ ಹೊಸ ಕಾಗದದ ಪಟ್ಟಿ ಇಟ್ಟು, ಹಿಂದಿನಿಂದ ಬಿಗಿದರು. ಸುಮಾರು ಅರ್ಧ ಕಿಲೊ ಭಾರ. 1968ರಲ್ಲಿ ಅಮೆರಿಕದಲ್ಲಿ ಐವಾನ್ ಸದರ್ಲ್ಯಾಂಡ್ ಎಂಬುವರು ತಲೆಗೆ ಹಾಕಿಕೊಳ್ಳುವ ಇಂಥ ಮೊದಮೊದಲ ಉಪಕರಣ ಮಾಡಿದಾಗ ಅದನ್ನು ಮೇಲಿನ ಛಾವಣಿಗೆ ಜೋಡಿಸಬೇಕಿತ್ತಂತೆ. ಈಗಿನದು ಒಂದು ಪುಟ್ಟ ಡಬ್ಬಿ. ಒಳಗೆ ಎರಡು ಕಣ್ಣಿಗೆ ಸ್ವಲ್ಪ ಬೇರೆ ಬೇರೆ ಎರಡು ಚಿತ್ರ. ಮೆದುಳು ಎರಡನ್ನೂ ಸೇರಿಸಿ ಆಳ ಕಾಣುತ್ತದೆ. ತಲೆ ತಿರುಗಿಸಿದರೆ ಒಳಗಿನ ಲೋಕವೂ ತಿರುಗುತ್ತದೆ.

ಚೌಕ, ಅಕ್ಷರ, ಬಣ್ಣ ಮುಗಿದ ಮೇಲೆ ಒಂದು ಬೀದಿ ಬಂತು. ಅಂಗಡಿಗಳ ಸಾಲಿನಲ್ಲಿ ನಡೆದು, ತಿರುವುಗಳನ್ನು ನೆನಪಿಟ್ಟುಕೊಂಡು, ಹೊರಟಲ್ಲಿಗೇ ವಾಪಸು ಬರಬೇಕು. ದಾರಿಯ ನೆನಪು ಬೇರೆ ನೆನಪುಗಳಿಗಿಂತ ಬೇಗ ಕೆಡಲು ಶುರುವಾಗಬಹುದು. ಆದ್ದರಿಂದ ಮರೆವಿನ ಕಾಯಿಲೆಯವರಲ್ಲಿ ಅದನ್ನು ಅಳೆಯುವುದು ಮುಖ್ಯ. ನಿಜವಾದ ಬೀದಿಯಲ್ಲಿ ಪ್ರತಿ ಸಲವೂ ಒಂದೇ ಟ್ರಾಫಿಕ್, ಒಂದೇ ಬೆಳಕು ಇರುವುದಿಲ್ಲ. ಹೆಡ್‌ಸೆಟ್ ಒಳಗಿನ ಬೀದಿ ಎಲ್ಲರಿಗೂ ಒಂದೇ. ಅಲ್ಲಿ ಯಾರನ್ನೂ ಗಾಡಿ ಗುದ್ದುವುದೂ ಇಲ್ಲ.

ಕಾಲು ನೆಲದ ಮೇಲೆ ನಿಂತೇ ಇತ್ತು, ಹೆಬ್ಬೆರಳಿನಿಂದ ಕಡ್ಡಿ ಒತ್ತಿದರೆ ಬೀದಿ ಮುಂದೆ ಸಾಗುತ್ತಿತ್ತು. ಮೊದಲ ಸುತ್ತು ಚೆನ್ನಾಗಿಯೇ ಆಯಿತು. ಎರಡನೇ ಸುತ್ತಿನಲ್ಲಿ ತಿರುವು ಬಂದಾಗಲೆಲ್ಲ ಹೊಟ್ಟೆ ತೊಳೆಸಿದ ಹಾಗಾಯಿತು. ಮೂರನೆಯದರಲ್ಲಿ ಬೆನ್ನು ಬೆವರಿತು, ಬಾಯಲ್ಲಿ ನೀರು ತುಂಬಿತು. ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಾಗ ಆಗುವಂಥದ್ದೇ. ಕಣ್ಣು ‘ನಡೆಯುತ್ತಿದ್ದೇವೆ’ ಎನ್ನುತ್ತದೆ, ಕಿವಿಯ ಒಳಗೆ ಸಮತೋಲನ ನೋಡಿಕೊಳ್ಳುವ ಭಾಗ ‘ನಿಂತಿದ್ದೇವೆ’ ಎನ್ನುತ್ತದೆ. ಈ ಜಗಳದಿಂದಲೇ ವಾಕರಿಕೆ ಬರುತ್ತದೆ ಎಂಬುದು ವಿಜ್ಞಾನಿಗಳಲ್ಲಿ ಹೆಚ್ಚಿನವರ ವಿವರಣೆ.

ಉಳಿದದ್ದು ಒಂದೇ ಸುತ್ತು. ನನಗಿಂತ ಮುಂಚೆ ಹೋದ ಗೆಳತಿ ಪೂರ್ತಿ ಮುಗಿಸಿದ್ದಳು. ಪರೀಕ್ಷೆ ಎಂದ ಮೇಲೆ ಕೊನೆಯ ಗಂಟೆ ಹೊಡೆಯುವವರೆಗೆ ಬರೆಯಬೇಕು ಎಂದು ಒಂದನೇ ತರಗತಿಯಿಂದ ಕಲಿತವರು ನಾವು. ಜ್ವರ ಇದ್ದರೂ ಬರೆದು ಬಂದವಳನ್ನು ಹೊಗಳುತ್ತೇವೆ. ಹಲ್ಲು ಕಚ್ಚಿ ಮುಗಿಸಿಬಿಡೋಣ ಎಂದು ಒಂದು ಮನಸ್ಸು. ಸಹಿ ಹಾಕುವಾಗ ಅಬ್ಬಾ ‘ನಡುವೆ ಬೇಡ ಅನಿಸಿದರೆ’ ಎಂದು ಕೇಳಿ, ಎರಡು ಸಲ ಉತ್ತರ ಹೇಳಿಸಿಕೊಂಡದ್ದು ಇನ್ನೊಂದು ಮನಸ್ಸು.

‘ಅಕ್ಕ, ಸಾಕು,’ ಎಂದೆ.

ಮರುಕ್ಷಣವೇ ಚಿತ್ರ ನಿಂತಿತು. ಅಕ್ಕ ‘ಇನ್ನೊಂದೇ ಇತ್ತಲ್ಲ’ ಎನ್ನಲಿಲ್ಲ. ಹೆಡ್‌ಸೆಟ್ ತೆಗೆದು, ಕಿಟಕಿ ಪಕ್ಕ ಕೂರಿಸಿ, ನೀರು ಕೊಟ್ಟರು. ಸ್ವಲ್ಪ ಸುಧಾರಿಸಿದ ಮೇಲೆ ಒಂದು ಹಾಳೆ ಕೊಟ್ಟರು. ತಲೆನೋವು, ಕಣ್ಣಿನ ಆಯಾಸ, ಬೆವರು, ವಾಕರಿಕೆ, ತೇಗು, ಹೀಗೆ 16 ಲಕ್ಷಣ. ಇಲ್ಲ, ಸ್ವಲ್ಪ, ಮಧ್ಯಮ, ತೀವ್ರ ಎಂದು ಗುರುತು ಹಾಕಬೇಕು. 1993ರಿಂದ ಇಂಥ ಅಧ್ಯಯನಗಳಲ್ಲಿ ಬಳಸುತ್ತಿರುವ ಪಟ್ಟಿ. ಅಲ್ಲಿಯೂ ನಾಚಿಕೆ ಪಡದೆ ವಾಕರಿಕೆಗೆ ‘ತೀವ್ರ’ ಎಂದೇ ಹಾಕಿದೆ. ಪೂರ್ತಿ ಸರಿಹೋಗುವವರೆಗೆ, ಸುಮಾರು ಮುಕ್ಕಾಲು ಗಂಟೆ, ನಮ್ಮನ್ನು ಕಳಿಸಲಿಲ್ಲ.

‘ನನ್ನದು ಅರ್ಧಕ್ಕೇ ನಿಂತಿತು, ಇದು ನಿಮಗೆ ಉಪಯೋಗಕ್ಕೆ ಬರುತ್ತಾ?’ ಎಂದು ಕೇಳಿದೆ. ಅಕ್ಕ ಒಂದು ಕಾಗದದ ಮೇಲೆ ಹತ್ತು ಚುಕ್ಕೆ ಹಾಕಿದರು. ‘ಇವರು ಹತ್ತು ಜನ ಅಂದ್ಕೊಳ್ಳಿ. ಮೂರು ಜನಕ್ಕೆ ತಲೆ ಸುತ್ತಿ ಬಿಟ್ಟುಹೋದ್ರು. ಉಳಿದ ಏಳು ಜನರ ಅಂಕ ಮಾತ್ರ ಕೂಡಿಸಿ, ಹೆಡ್‌ಸೆಟ್ಟಲ್ಲಿ ಎಲ್ಲರೂ ಚೆನ್ನಾಗಿ ಮಾಡ್ತಾರೆ ಅಂತ ನಾನು ಬರೆದ್ರೆ ಅದು ಸರೀನಾ? ಆ ಮೂರು ಜನ ಯಾಕೆ ಬಿಟ್ರು ಅನ್ನೋದೂ ಫಲಿತಾಂಶವೇ. ನೀವು ಸಹಿಸ್ಕೊಂಡು ಮುಗಿಸಿದ್ರೆ ನಮಗೆ ತಪ್ಪು ಉತ್ತರ ಸಿಗ್ತಿತ್ತು. ಹೊಟ್ಟೆ ತೊಳೆಸ್ತಿರೋರ ನೆನಪಿನ ಅಂಕ ಅವರ ನೆನಪಿನದ್ದಲ್ಲ.’

ಆ ಹತ್ತು ಚುಕ್ಕೆ ನೋಡುವಾಗ ನನಗೆ ದಾದಿಯ 14 ಅಂಕ ಕಣ್ಣಮುಂದೆ ಬಂತು. ಅದೂ ಅವರ ನೆನಪಿನ ಅಂಕವಾಗಿರಲಿಲ್ಲ. ಕಿವಿಯದ್ದು, ಭಾಷೆಯದ್ದು, ಸಿಗದ ಶಾಲೆಯದ್ದು, ಎಲ್ಲ ಸೇರಿದ ಅಂಕ ಅದು. ಅದನ್ನು ಬಿಡಿಸಿ ನೋಡಲು ಒಬ್ಬರು ಕೂತು ಮಾತಾಡಬೇಕಾಯಿತು.

ಈ ದೃಷ್ಟಿಯಿಂದ ನೋಡಿದರೆ ದೊಡ್ಡ ದೊಡ್ಡ ಅಧ್ಯಯನಗಳೂ ಬೇರೆ ರೀತಿ ಕಾಣುತ್ತವೆ. 2016ರಲ್ಲಿ ‘ಸೀ ಹೀರೊ ಕ್ವೆಸ್ಟ್’ ಎಂಬ ಮೊಬೈಲ್ ಆಟ ಬಂತು. ದೋಣಿಯಲ್ಲಿ ದಾರಿ ಹುಡುಕುವ ಆಟ. ಮುಂದಿನ ವರ್ಷ ಅದರ ವರ್ಚುವಲ್ ರಿಯಾಲಿಟಿ ರೂಪವೂ ಬಂತು. ಜಗತ್ತಿನಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ಆಡಿದರು. ಮರೆವಿನ ಕಾಯಿಲೆಯ ಸಂಶೋಧನೆಗೆ ದಾರಿಯ ನೆನಪಿನ ಇಷ್ಟು ದೊಡ್ಡ ಸಂಗ್ರಹ ಹಿಂದೆ ಇರಲಿಲ್ಲ. ಅದು ದೊಡ್ಡ ಕೆಲಸವೇ. ಆದರೆ ಆಡಲು ಸ್ಮಾರ್ಟ್‌ಫೋನ್ ಬೇಕು, ಆಟದ ಅಭ್ಯಾಸವೂ ಬೇಕು. ಗುಂಡಿ ಫೋನಿನ ದಾದಿ ಆ 40 ಲಕ್ಷದಲ್ಲಿ ಇಲ್ಲ.

ಅಂಥವರ ಮನೆಗೇ ಹೋಗುವ ಕೆಲಸ ನಮ್ಮ ಹತ್ತಿರದಲ್ಲೇ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ಅಧ್ಯಯನ ಶುರುಮಾಡಿದರು. 45 ದಾಟಿದ 10,000 ಜನರನ್ನು ಸೇರಿಸಿಕೊಂಡು, ಅವರ ನೆನಪು ಮತ್ತು ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವುದು ಅದರ ಗುರಿ. ಅಲ್ಲಿ ಬಂದು ಕೂರುವವರು ರೈತರು, ಕೂಲಿ ಮಾಡುವವರು, ಮನೆಯೊಡತಿಯರು.

ಹೈದರಾಬಾದಿನ ಇನ್ನೊಂದು ಅಧ್ಯಯನ ನಮ್ಮ ಮನೆಗೇ ಸಂಬಂಧಿಸಿದ್ದು. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಅವರ ತಂಡ ಮರೆವಿನ ಕಾಯಿಲೆಯ 648 ರೋಗಿಗಳ ದಾಖಲೆಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಕಂಡಿತು. ಆ ಊರಿನ ಜನ ತೆಲುಗು, ದಖ್ಖನಿ, ಹಿಂದಿ ಬೆರೆಸಿ ಬದುಕುವವರು, ನಮ್ಮ ಬೀದಿಯ ಹಾಗೆಯೇ. ಇದನ್ನು ಔಷಧಿ ಎಂದು ತಿಳಿಯಬಾರದು, ಬಹುಭಾಷಿಕರಿಗೆ ಕಾಯಿಲೆ ಬರುವುದೇ ಇಲ್ಲ ಎಂದೂ ಅಲ್ಲ. ಆದರೆ ಓದುಬರಹ ಇಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದರಿಂದಲೇ ಇದು ಓದಿನ ಫಲವಷ್ಟೇ ಅಲ್ಲ, ಭಾಷೆಗೂ ಪಾಲಿರಬಹುದು ಎಂದು ಹೇಳಲು ಸಾಧ್ಯವಾಯಿತು.

ಹೊರಡುವ ಮುನ್ನ ಅಭಿಪ್ರಾಯ ಬರೆಯಲು ಒಂದು ಜಾಗ ಕೊಟ್ಟಿದ್ದರು. ಒಳಗಿನ ಬೀದಿ ಯಾವುದೋ ಹೊರದೇಶದ್ದು, ಬೋರ್ಡೆಲ್ಲ ಇಂಗ್ಲಿಷಿನಲ್ಲಿದೆ, ಒಂದು ತಳ್ಳುಗಾಡಿಯೂ ಇಲ್ಲ ಎಂದು ಬರೆದೆ. ವಯಸ್ಸಾದವರಿಗೆ ಇದನ್ನು ಬಳಸುವುದಾದರೆ ಅವರು ಗುರುತು ಹಿಡಿಯುವ ಬೀದಿ ಮಾಡಿ ಎಂದೂ ಸೇರಿಸಿದೆ. ಅಕ್ಕ ಅದನ್ನು ಓದಿ, ‘ನಮ್ಮ ಗೈಡ್‌ಗೆ ತೋರಿಸ್ತೀನಿ’ ಎಂದರು. ಮಾಡುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು. ಹೇಳುವುದು ನಮ್ಮ ಪಾಲಿನ ಕೆಲಸ.

ಇಂಥ ಅಧ್ಯಯನಕ್ಕೆ ಹೋಗಬೇಕೆನ್ನುವವರಿಗೆ ನನ್ನ ಅನುಭವದಿಂದ ಕೆಲವು ಮಾತು. ಪತ್ರಕ್ಕೆ ಅಲ್ಲೇ ನಿಂತು ಸಹಿ ಹಾಕಬೇಡಿ. ಮನೆಗೆ ತನ್ನಿ, ಹಿರಿಯರ ಮುಂದೆ ಜೋರಾಗಿ ಓದಿ. ಸಂಸ್ಥೆಯ ನೈತಿಕ ಸಮಿತಿ ಅನುಮತಿ ಕೊಟ್ಟಿದೆಯೇ, ಅವರ ಫೋನ್ ನಂಬರ್ ಪತ್ರದಲ್ಲಿದೆಯೇ ನೋಡಿ. ನಿಮ್ಮ ಮಾಹಿತಿ ಎಷ್ಟು ವರ್ಷ, ಯಾರ ಬಳಿ ಇರುತ್ತದೆ ಎಂದು ಕೇಳಿ. ಹೆಡ್‌ಸೆಟ್ ಇದ್ದರೆ ಇದು ಇನ್ನೂ ಮುಖ್ಯ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 511 ಜನರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆ ಮತ್ತು ಕೈ ಚಲಿಸುವ ರೀತಿಯ ಐದು ನಿಮಿಷಕ್ಕೂ ಕಡಿಮೆ ದಾಖಲೆಯಿಂದಲೇ ಕಂಪ್ಯೂಟರ್ ಶೇ. 95ರಷ್ಟು ಮಂದಿಯನ್ನು ಇಂಥವರೇ ಎಂದು ಗುರುತಿಸಿತು. ಹೆಸರು ಅಳಿಸಿದರೂ ಚಲನೆ ಉಳಿಯುತ್ತದೆ. ತಲೆಸುತ್ತು, ಮೈಗ್ರೇನ್, ಫಿಟ್ಸ್ ಇರುವವರು ಅದನ್ನು ಮೊದಲೇ ತಿಳಿಸಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮುಗಿದ ತಕ್ಷಣ ಸ್ಕೂಟಿ ಓಡಿಸಬೇಡಿ.

ಒಳಗೆ ಕೂತ ಮೇಲೆ ಹೆಚ್ಚು ಅಂಕ ತೆಗೆಯುವ ಚಿಂತೆ ಬಿಡಿ. ಅಲ್ಲಿ ರ‍್ಯಾಂಕ್ ಇಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನಿದ್ದೆ ಕೆಟ್ಟಿದ್ದರೆ ಕೆಟ್ಟಿದೆ, ಸಾಕಾದರೆ ಸಾಕು. ಇದ್ದದ್ದನ್ನು ಇದ್ದ ಹಾಗೆ ಹೇಳುವುದಷ್ಟೇ ನಮ್ಮಿಂದ ಅವರಿಗೆ ಬೇಕಾದದ್ದು.

ಇನ್ನೊಂದು ಮಾತು ಅಧ್ಯಯನಕ್ಕೆ ಹೋಗದವರಿಗೂ. ನಿಮ್ಮ ಮನೆಯಲ್ಲಿ ವಯಸ್ಸಾದವರಿಗೆ ಮರೆವು ಬಂದು ಪರೀಕ್ಷೆಗೆ ಕರೆದುಕೊಂಡು ಹೋದರೆ, ಮೊದಲು ಅವರು ಆಡುವ ಭಾಷೆ ಯಾವುದು, ಶಾಲೆಗೆ ಎಷ್ಟು ವರ್ಷ ಹೋಗಿದ್ದಾರೆ, ಕಿವಿ ಕಣ್ಣು ಹೇಗಿದೆ ಎಂದು ನೀವೇ ವೈದ್ಯರಿಗೆ ಹೇಳಿ. ಅವರ ಭಾಷೆಯಲ್ಲಿ ಪರೀಕ್ಷೆ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಪಕ್ಕದಲ್ಲಿ ಕೂತು ಪ್ರಶ್ನೆಯನ್ನು ಅವರಿಗೆ ತಿಳಿಯುವ ಹಾಗೆ ಹೇಳಲು ಅವಕಾಶ ಕೇಳಿ, ಉತ್ತರ ಮಾತ್ರ ಅವರೇ ಹೇಳಲಿ. ಬಂದ ಅಂಕ ಎಷ್ಟೇ ಇರಲಿ, ಆ ದಿನ ಮನೆಗೆ ಬಂದ ಮೇಲೆ ಅವರ ಪಕ್ಕ ಸ್ವಲ್ಪ ಹೊತ್ತು ಕೂರಿ.